ತಾತನ ಮರೆವು: ಗಡಿಯ ಎರಡೂ ಕಡೆ ನೆರವಿಗೆ ಯಾರಿದ್ದಾರೆ?

ಹೊಸೂರು: 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ಮನೆಗಳಲ್ಲಿ ಕೇಳದವರಿಲ್ಲ. ಮಂಡಿಯಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದ ಯಜಮಾನರು ವಸೂಲಾದ ಬಾಕಿಯನ್ನೇ ಮತ್ತೆ ಕೇಳಿ ಗಿರಾಕಿಯೊಡನೆ ಜಗಳಕ್ಕೆ ನಿಲ್ಲುತ್ತಾರೆ. ಉಂಡು ಕೈ ತೊಳೆದ ಅಜ್ಜಿ, 'ನಂಗೆ ಮುದ್ದೆ ಇಕ್ಕಲಿಲ್ಲ' ಅಂತ ಪಕ್ಕದ ಮನೆಗೆ ಹೋಗಿ ಅಳುತ್ತಾಳೆ. 'ವಯಸ್ಸಾಯ್ತಲ್ಲ, ಬಿಡಿ' ಎಂದು ಊರೆಲ್ಲ ಸುಮ್ಮನಾಗುತ್ತದೆ. ಅಪವಾದ ಮಾತ್ರ ಸೊಸೆಯ ತಲೆಗೆ!

ಇದು ವಯಸ್ಸಿನ ಗುಣವಲ್ಲ, ಕಾಯಿಲೆ. ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ; ತಮಿಳಿನಲ್ಲಿ ಮರದಿ ನೋಯ್, ನಮ್ಮಲ್ಲಿ ಮರೆವಿನ ಕಾಯಿಲೆ. ಇದರಲ್ಲಿ ಹೆಚ್ಚಿನ ಪಾಲು ಆಲ್‌ಝೈಮರ್ ರೋಗದ್ದು. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು ಎಲ್ಲರಿಗೂ ಇದ್ದದ್ದೇ. ಬೀಗದ ಕೈ ಯಾತಕ್ಕೆ ಎಂಬುದೇ ಹೊಳೆಯದಿದ್ದರೆ, ದಿನಾ ನಡೆದ ತೋಟದ ದಾರಿ ತಪ್ಪಿದರೆ, ಚಿಲ್ಲರೆ ಎಣಿಸಲು ಬಾರದಾದರೆ ಆಸ್ಪತ್ರೆಗೆ ತೋರಿಸಲೇಬೇಕು. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ. ಪಟ್ಟಣಕ್ಕಿಂತ ಹಳ್ಳಿಗಳಲ್ಲೇ ಜಾಸ್ತಿ ಎನ್ನುತ್ತದೆ ಅದೇ ಲೆಕ್ಕ. ನೂರು ಹಿರಿಯರಿರುವ ಊರಿನಲ್ಲಿ ಏಳು ಮನೆಯ ಕಥೆ ಎಂದಾಯಿತು.

ಬೇಗ ತೋರಿಸಿ ಎನ್ನಲು ಇನ್ನೊಂದು ಕಾರಣವಿದೆ. ಬಿ-12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿಕೊಂಡಿರುವುದು, ಇವೂ ಮರೆವಿನ ವೇಷದಲ್ಲೇ ಬರುತ್ತವೆ. ಇವಕ್ಕೆ ಚಿಕಿತ್ಸೆ ಉಂಟು. ಆಲ್‌ಝೈಮರ್‌ಗೆ ಪೂರ್ತಿ ವಾಸಿಮಾಡುವ ಔಷಧಿ ಇಲ್ಲ. ಕೆಲವು ಮಾತ್ರೆಗಳಿಂದ ಕೆಲಕಾಲ ಅಲ್ಪಸ್ವಲ್ಪ ಅನುಕೂಲ ಆಗಬಹುದು. 'ಗುಣ ಮಾಡ್ತೀವಿ' ಎಂದು ಪೊಟ್ಟಣ ಮಾರುವವರಿಗೆ ಹಣ ಸುರಿಯಬೇಡಿ.

ನಮ್ಮ ಜಿಲ್ಲೆಯಿಂದಲೇ ಹೊರಟ ಯೋಜನೆ

ತಮಿಳುನಾಡು ಸರಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಆರಂಭವಾದದ್ದು ಬೇರೆಲ್ಲೂ ಅಲ್ಲ, ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಮುಖ್ಯಮಂತ್ರಿಯಾಗಿದ್ದ ಎಂ.ಕೆ. ಸ್ಟಾಲಿನ್ ಅವರೇ ಬಂದು ಚಾಲನೆ ಕೊಟ್ಟರು. (ಹೆಸರು ಕೇಳಿದ ಕನ್ನಡದವರು ಇದೇನೋ ಮಕ್ಕಳ ಯೋಜನೆ ಅಂದುಕೊಂಡರೆ ತಪ್ಪಿಲ್ಲ, ತಮಿಳಿನ 'ಮಕ್ಕಳ್' ಅಂದರೆ ಜನ.) ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಮನೆಬಾಗಿಲಿಗೆ ಬಂದು ಬಿ.ಪಿ., ಸಕ್ಕರೆ ಕಾಯಿಲೆಯ ತಪಾಸಣೆ ಮಾಡಿ ಮಾತ್ರೆ ತಲುಪಿಸುವುದು, ಹಾಸಿಗೆ ಹಿಡಿದವರಿಗೆ ನರ್ಸು ಹಾಗೂ ಫಿಜಿಯೋಥೆರಪಿ ನೆರವು ಕೊಡುವುದು ಇದರ ಕ್ರಮ.

ಮರೆವಿಗೂ ಬಿ.ಪಿ. ಮಾತ್ರೆಗೂ ಏನು ನಂಟು? ದೊಡ್ಡ ನಂಟೇ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಅತಿ ಕುಡಿತ, ಕಿವಿ ಕೇಳದಿರುವುದು, ಕಣ್ಣು ಮಂಜಾಗುವುದು ಮುಂತಾದ 14 ಕಾರಣಗಳನ್ನು ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು 2024ರ ಲ್ಯಾನ್ಸೆಟ್ ಆಯೋಗ ಅಂದಾಜು ಮಾಡಿದೆ. ಹಾಗಾಗಿ ಮಾತ್ರೆ ಕೊಡಲು ಬರುವ ಆ ಅಕ್ಕನೇ ಈ ಕೆಲಸಕ್ಕೆ ಮೊದಲ ಆಸರೆ. 'ತಾತ ದಾರಿ ತಪ್ತಾರಾ? ಲೆಕ್ಕ ಮರೀತಾರಾ?' ಎಂಬ ಎರಡು ಪ್ರಶ್ನೆಯನ್ನು ಆಕೆ ಕೇಳಿ ಬರೆದುಕೊಂಡು ಪಿ.ಎಚ್.ಸಿ.ಗೆ ತಿಳಿಸಿದರೆ ಸಾಕು, ಎಷ್ಟೋ ಮನೆಗಳ ಗುಟ್ಟು ಹೊರಬರುತ್ತದೆ. ಆಕೆ ಕೇಳದಿದ್ದರೆ ನೀವೇ ಹೇಳಿ. ಆರೋಗ್ಯ ಇಲಾಖೆಯವರು ಇದನ್ನು ಗಮನಿಸಬೇಕು.

ಯಾವ ಭಾಷೆಯಲ್ಲಿ ಕೇಳುವುದು?

ನಮ್ಮ ಭಾಗದ ತೊಡಕು ಇಲ್ಲಿದೆ. ಮನೆಯಲ್ಲಿ ಕನ್ನಡ, ನೆಂಟರಲ್ಲಿ ತೆಲುಗು, ಸಂತೆಯಲ್ಲಿ ತಮಿಳು ಆಡುವ ಹಿರಿಯರು ನಮ್ಮವರು. ಕಾಯಿಲೆ ಬಲಿತಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿಯ ಭಾಷೆ ಉಳಿಯುವುದು ಅನೇಕರಲ್ಲಿ ಕಾಣುತ್ತದೆ. ಜ್ಞಾಪಕಶಕ್ತಿಯ ಪರೀಕ್ಷೆ ಎಲ್ಲ ಮಾತಿನಲ್ಲೇ ನಡೆಯುವಂಥದ್ದು: ಇವತ್ತು ಯಾವ ವಾರ, ಮೂರು ಪದ ನೆನಪಿಟ್ಟುಕೊಳ್ಳಿ, ನೂರರಿಂದ ಏಳು ಕಳೆಯಿರಿ. ಕನ್ನಡದ ಅಜ್ಜಿಗೆ ತಮಿಳಿನಲ್ಲಿ ಕೇಳಿದರೆ ಇಲ್ಲದ ಕಾಯಿಲೆಯೂ ಇದೆಯೆಂದು ಬಂದೀತು. ಡಾಕ್ಟರಿಗೆ ಮೊದಲೇ, 'ಇವರು ಮನೆಯಲ್ಲಿ ಆಡೋದು ಈ ಭಾಷೆ' ಎಂದು ಹೇಳಿಬಿಡಿ, ನಾಚಿಕೆ ಬೇಡ.

ಎರಡು ಭಾಷೆ ಬಲ್ಲವರಿಗೆ ಒಂದು ಸಮಾಧಾನದ ಸುದ್ದಿಯೂ ಇದೆ. ಹೈದರಾಬಾದಿನಲ್ಲಿ 648 ರೋಗಿಗಳ ಬಗ್ಗೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆಯವರಿಗಿಂತ ಎರಡು ಭಾಷೆಯವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು. ಓದು ಬಾರದವರಲ್ಲೂ ಹಾಗೆಯೇ. ಸಂತೆಯ ಭಾಷೆಗೂ ಬೆಲೆ ಉಂಟು! ಆದರೆ ತಡವಾಯಿತೇ ಹೊರತು ಬಾರದೇ ಇರಲಿಲ್ಲ.

ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್

ದೊಡ್ಡ ಪರೀಕ್ಷೆ ಆಗಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ನಮಗೆ ನಲವತ್ತು ಕಿ.ಮೀ. ಒಳಗೆ, ಹೊಸೂರು ರಸ್ತೆಯಲ್ಲೇ ಇದೆ. ಅದು ಕೇಂದ್ರ ಸರಕಾರದ ಸಂಸ್ಥೆ. ತಮಿಳುನಾಡಿನ ರೇಷನ್ ಕಾರ್ಡಿನವರು ಎಂದು ಹಿಂಜರಿಯಬೇಕಿಲ್ಲ. ಕರ್ನಾಟಕ ಸರಕಾರ ನಿಮ್ಹಾನ್ಸ್ ಜೊತೆಗೂಡಿ ಮಾಡಿದ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಮೊದಲು ಆರಂಭವಾದ ಊರುಗಳಲ್ಲಿ ಕೋಲಾರವೂ ಒಂದು. ಬೇರಿಗೆ ಕಡೆಯವರಿಗೆ ಮಾಲೂರು ದಾಟಿದರೆ ಕೋಲಾರ. ಅದೇ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗರ ಮೆದುಳಿನ ಆರೋಗ್ಯವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಕೇಂದ್ರವೊಂದು ವರ್ಷಗಟ್ಟಲೆ ಅಧ್ಯಯನ ಮಾಡುತ್ತಾ ಬಂದಿದೆ.

ಪರೀಕ್ಷೆ ಒಂದು ದಿನದ್ದು, ಆರೈಕೆ ಹತ್ತು ವರ್ಷದ್ದು. ರಾತ್ರಿ ನಿದ್ದೆಯಿಲ್ಲ, ಹಗಲು ಕಣ್ಣು ತಪ್ಪಿಸುವಂತಿಲ್ಲ. ಹೂ ಕೊಯ್ಯುವ ಕೆಲಸವೂ ನಿಲ್ಲುವಂತಿಲ್ಲ. ಈ ಭಾರ ಹೊರುವವರು ಬಹುಪಾಲು ಹೆಂಗಸರು. ಇಂಥ ಕುಟುಂಬಗಳಿಗಾಗಿಯೇ 1992ರಲ್ಲಿ ಕೇರಳದಲ್ಲಿ ಎ.ಆರ್.ಡಿ.ಎಸ್.ಐ. ಎಂಬ ಸಂಘ ಹುಟ್ಟಿತು. ಬೆಂಗಳೂರಿನಲ್ಲೂ ಅದರ ಶಾಖೆ ಬಂತು. ಬೆಂಗಳೂರಿನ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗೆಂದೇ ಕೇಂದ್ರ ತೆರೆಯಿತು. ಆದರೆ ದಿನಾ ಬೆಂಗಳೂರಿಗೆ ತಾತನನ್ನು ಕರೆದೊಯ್ದು ತರಲು ಯಾರಿಂದಾದೀತು? ಮಹಾನಗರಪಾಲಿಕೆಯಾಗಿ ಬೆಳೆದ ಹೊಸೂರಿಗೆ ಬೇಕಾದದ್ದು ಒಂದು ಹಗಲು ಮನೆ: ಬೆಳಿಗ್ಗೆ ಬಿಟ್ಟು ಸಾಯಂಕಾಲ ಕರೆತರುವಂಥದ್ದು, ಮೂರೂ ಭಾಷೆ ಬಲ್ಲ ಇಬ್ಬರು ಆಯಾಗಳು, ವಾರಕ್ಕೊಮ್ಮೆ ಡಾಕ್ಟರು. ವರ್ತಕರ ಸಂಘಗಳೂ ಕಾರ್ಖಾನೆಗಳೂ ಮನಸ್ಸು ಮಾಡಿದರೆ ಕಷ್ಟದ ಮಾತಲ್ಲ.

ಅಷ್ಟರವರೆಗೆ ಫೋನು. ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡ, ತಮಿಳು, ತೆಲುಗಿನಲ್ಲಿ ಮಾತಾಡಬಹುದು. ರೋಗಿಗಷ್ಟೇ ಅಲ್ಲ, ನೋಡಿಕೊಂಡು ಸೋತವರಿಗೂ ಅದು ಇದೆ. ಹಿರಿಯರ ಸಹಾಯವಾಣಿ 14567.

ಹೆಬ್ಬೆಟ್ಟಿನ ವಿಚಾರ

ಹೊಸೂರು ಸುತ್ತಿನ ಜಮೀನಿಗೆ ಬಂದಿರುವ ಬೆಲೆ ಎಲ್ಲರಿಗೂ ಗೊತ್ತು. ಮರೆವಿನ ತಾತನನ್ನು ಕಾರಿನಲ್ಲಿ ಕೂರಿಸಿಕೊಂಡು ರಿಜಿಸ್ಟ್ರಾರ್ ಆಫೀಸಿಗೆ ಹೋಗುವವರೂ ಇದ್ದಾರೆ. 1872ರ ಕರಾರು ಕಾಯ್ದೆಯಂತೆ, ತಾನು ಮಾಡುತ್ತಿರುವುದು ಏನೆಂದು ತಿಳಿಯದ ಸ್ಥಿತಿಯಲ್ಲಿರುವವರ ಕರಾರು ನಿಲ್ಲುವುದಿಲ್ಲ. 'ಪವರ್ ಬರೆಸಿಕೊಂಡಿದ್ದೀವಿ' ಎನ್ನುವವರು ಇನ್ನೊಂದನ್ನು ತಿಳಿಯಬೇಕು: ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಪವರ್ ಕೂಡ ಬಿದ್ದುಹೋಗುತ್ತದೆ. ಕಾಯಿಲೆಯ ಆರಂಭದಲ್ಲೇ, ತಾತನಿಗೆ ತಿಳಿವಳಿಕೆ ಇರುವಾಗ, ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಂಡು ವಿಲ್ ಬರೆಸುವುದು ಮೇಲು. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟವರ ಪತ್ರವನ್ನು ರದ್ದು ಮಾಡಲು 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ದಾರಿ ಇದೆ. ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬೇಕು.

ಇನ್ನು ಮನೆ ಬಿಟ್ಟು ಹೊರಟುಬಿಡುವ ಚಾಳಿ. ಬಸ್ ಸ್ಟ್ಯಾಂಡಿಗೆ ಬಂದ ತಾತ ಅರ್ಧ ಗಂಟೆಯಲ್ಲಿ ಜೂಜುವಾಡಿ ದಾಟಿ ಅತ್ತಿಬೆಲೆಯಲ್ಲಿ, ಅಂದರೆ ಬೇರೆ ರಾಜ್ಯದಲ್ಲಿ ಇರುತ್ತಾನೆ. ಅಂಗಿಯ ಜೇಬಿನಲ್ಲಿ, ಅಜ್ಜಿಯಾದರೆ ಸೆರಗಿನ ತುದಿಯಲ್ಲಿ, ಊರಿನ ಹೆಸರು ಮತ್ತು ಮನೆಯ ಫೋನ್ ನಂಬರನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದ ಚೀಟಿ ಹೊಲಿದಿಡಿ. ಈಚಿನ ಫೋಟೋ ಒಂದು ಕೈಯಲ್ಲಿರಲಿ. ಕಾಣೆಯಾದರೆ ಹೊಸೂರು ಠಾಣೆಗೆ ಹೇಳಿ ಸುಮ್ಮನಾಗದೆ ಅತ್ತಿಬೆಲೆ ಠಾಣೆಗೂ ಅದೇ ಗಳಿಗೆಯಲ್ಲಿ ತಿಳಿಸಿ.