ಊರು ಎಷ್ಟು ಗಂಟೆಯ ದಾರಿ?

ಗುಜರಾತಿನಿಂದ ನಮ್ಮೂರು ಎಷ್ಟು ದೂರವೆಂದು ಕೇಳಿದರೆ ಮನೆಯ ಹಿರಿಯರು ‘ಎರಡು ರಾತ್ರಿ’ ಎನ್ನುತ್ತಾರೆ. ಮಕ್ಕಳು ‘ಎರಡೇ ಗಂಟೆ’ ಎನ್ನುತ್ತಾರೆ. ಹಿರಿಯರದು ರೈಲಿನ ಲೆಕ್ಕ, ಮಕ್ಕಳದು ವಿಮಾನದ ಲೆಕ್ಕ. ಆದರೆ ಎರಡು ಗಂಟೆಯೆಂಬುದು ಎರಡು ವಿಮಾನ ನಿಲ್ದಾಣಗಳ ನಡುವಣ ದಾರಿಯೇ ಹೊರತು ಎರಡು ಮನೆಗಳ ನಡುವಣ ದಾರಿಯಲ್ಲ.

ಮೊದಲು ಆಕಾಶದ ಲೆಕ್ಕವನ್ನೇ ನೋಡೋಣ. ಅಹಮದಾಬಾದಿನಿಂದ ನೇರ ಗೆರೆ ಎಳೆದರೆ ಹುಬ್ಬಳ್ಳಿಗೆ ಸುಮಾರು 900 ಕಿಲೋಮೀಟರು, ಮಂಗಳೂರಿನ ಬಜಪೆಗೆ 1,150, ಬೆಂಗಳೂರಿಗೆ 1,220. ಜೆಟ್ ವಿಮಾನದ ವೇಗ ಗಂಟೆಗೆ 800 ಕಿಲೋಮೀಟರಿನ ಆಸುಪಾಸು. ಹಾಗಾದರೆ ಬಜಪೆಗೆ ಒಂದೂವರೆ ಗಂಟೆ ಸಾಕಲ್ಲವೇ? ಸಾಲದು. ನೆಲದ ಮೇಲೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇವಕ್ಕೆ ಇನ್ನೂ ಅರ್ಧ ಮುಕ್ಕಾಲು ಗಂಟೆ ಸೇರಬೇಕು. ಬಜಪೆಯ ನಿಲ್ದಾಣ 1951ರ ಡಿಸೆಂಬರ್ 25ರಂದು ತೆರೆದಾಗ ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದರು. ಅಂಥ ಡಕೋಟಾಕ್ಕೆ ಇದೇ ದೂರ ನಾಲ್ಕು ಗಂಟೆಗೂ ಮಿಕ್ಕಿದ ಕೆಲಸ.

ಆಕಾಶದ ದಾರಿ ಹೀಗೆ ಕಿರಿದಾಯಿತು. ನೆಲದ ದಾರಿ ಅಷ್ಟಾಗಿ ಕಿರಿದಾಗಲಿಲ್ಲ. ವಡೋದರದ ಒಂದು ಸಂಸಾರ ಕುಂದಾಪುರಕ್ಕೆ ಹೊರಟಿತೆನ್ನೋಣ. ಅಹಮದಾಬಾದಿನ ನಿಲ್ದಾಣಕ್ಕೆ ಎರಡು ಗಂಟೆ, ಅಲ್ಲಿ ತಪಾಸಣೆಗೂ ಕಾಯುವುದಕ್ಕೂ ಎರಡು, ನೇರ ವಿಮಾನ ಸಿಕ್ಕರೆ ಎರಡು, ಸಾಮಾನು ಬರಲು ಅರ್ಧ, ಬಜಪೆಯಿಂದ ಕುಂದಾಪುರಕ್ಕೆ ಎರಡೂವರೆ. ಕೂಡಿದರೆ ಒಂಬತ್ತು ಗಂಟೆ! ನೇರ ವಿಮಾನವಿಲ್ಲದೆ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇಳಿದು ಹತ್ತಬೇಕಾದರೆ ಇನ್ನೂ ನಾಲ್ಕೈದು ಗಂಟೆ ಹೆಚ್ಚಬಹುದು. ಮಳೆಗಾಲದಲ್ಲಿ ಗುಡ್ಡದ ತಲೆಯ ಮೇಲಿರುವ ಬಜಪೆಗೆ ಮೋಡ ಕವಿದರೆ ಆ ಲೆಕ್ಕವೂ ತಪ್ಪುತ್ತದೆ.

ಸೂರತಿನವರ ಲೆಕ್ಕವೇ ಬೇರೆ. ಅಹಮದಾಬಾದಿಗಿಂತ ಅವರು ರೈಲಿನಲ್ಲಿ 229 ಕಿಲೋಮೀಟರು ಊರಿಗೆ ಹತ್ತಿರ. 1998ರ ಮೇ 1ರಂದು ಕೊಂಕಣ ರೈಲು ಮಾರ್ಗ ರಾಷ್ಟ್ರಕ್ಕೆ ಸಮರ್ಪಿತವಾದ ಮೇಲೆ ಕರಾವಳಿಯವರಿಗೆ ಸುತ್ತುದಾರಿ ತಪ್ಪಿತು. ರಾತ್ರಿ ಹೊರಡುವ ರೈಲು ಕೈಗೆ ಸಿಕ್ಕು, ವಿಮಾನ ಮಾರನೆಯ ಸಂಜೆಗೇ ಇದ್ದರೆ, ರೈಲು ಹತ್ತಿದವರೇ ಮೊದಲು ಮನೆ ಸೇರಿದರೂ ಆಶ್ಚರ್ಯವಿಲ್ಲ. ಕಾಯುವ ಹೊತ್ತೂ ಪ್ರಯಾಣದ ಹೊತ್ತೇ.

ಇಷ್ಟೆಲ್ಲ ಲೆಕ್ಕ ಏತಕ್ಕೆಂದು ಕೇಳುವವರಿದ್ದಾರೆ. ಹಬ್ಬಕ್ಕೆ ಹೋಗುವಾಗ ನಾಲ್ಕು ಗಂಟೆ ತಡವಾದರೆ ಊಟ ಆರೀತು, ಅಷ್ಟೆ. ಆದರೆ ನಮ್ಮಲ್ಲಿ ಬಹುಮಂದಿಯ ವೃದ್ಧ ತಂದೆತಾಯಿಗಳು ಊರಿನಲ್ಲಿದ್ದಾರೆ. ನಡುರಾತ್ರಿ ಫೋನು ಬರುತ್ತದೆ. ಅತ್ತ ಕಡೆಯಿಂದ ಅಣ್ಣನೋ ಚಿಕ್ಕಪ್ಪನೋ ಕೇಳುವುದು ಒಂದೇ ಮಾತು: ‘ನೀವು ಬರುವುದಕ್ಕೆ ಎಷ್ಟು ಹೊತ್ತಾಗುತ್ತದೆ? ಕಾಯೋಣವೇ?’ ಆಗ ‘ವಿಮಾನದಲ್ಲಿ ಎರಡೇ ಗಂಟೆ’ ಎಂದುಬಿಟ್ಟರೆ ಅಂಗಳದಲ್ಲಿ ಕೂಡಿದ ಜನ ಮಧ್ಯಾಹ್ನದವರೆಗೆ ದಾರಿ ನೋಡುತ್ತಾರೆ; ಕೊನೆಗೆ ಕಾದು ಕಾದು, ನಾವು ತಲಪುವ ಮುನ್ನವೇ ಕಾರ್ಯ ಮುಗಿಸುತ್ತಾರೆ. ‘ಸಂಜೆ ಆರಾಗುತ್ತದೆ’ ಎಂದು ಸರಿಯಾದ ಹೊತ್ತು ಹೇಳಿದರೆ, ಕಾಯಬೇಕೋ ಬೇಡವೋ ಎಂಬುದನ್ನು ಅವರು ನಿಶ್ಚಿಂತೆಯಿಂದ ತೀರ್ಮಾನಿಸಬಲ್ಲರು.

ಆದುದರಿಂದ ಪ್ರತಿ ಮನೆಯ ಯಜಮಾನರೂ ಯಜಮಾನಿತಿಯರೂ ಒಂದು ಬಿಡುವಿನ ಭಾನುವಾರ ಕುಳಿತು, ಹೊಸ್ತಿಲಿನಿಂದ ಹೊಸ್ತಿಲಿಗೆ ಎಷ್ಟು ಗಂಟೆಯೆಂದು ಎಣಿಸಿ, ವಿಮಾನದ ಹೊತ್ತು, ರೈಲಿನ ಹೊತ್ತು ಎರಡನ್ನೂ ಬರೆದು ಗೋಡೆಯ ಕ್ಯಾಲೆಂಡರಿನ ಬೆನ್ನಿಗೆ ಅಂಟಿಸಿಡುವುದು ಒಳ್ಳೆಯದು. ವೇಳಾಪಟ್ಟಿ ಬದಲಾದಾಗಲೆಲ್ಲ ತಿದ್ದಬೇಕು. ಆ ಚೀಟಿ ಹಬ್ಬದ ಪ್ರಯಾಣಕ್ಕೆ ಮಾತ್ರವೇ ಬೇಕಾಗಲಿ ಎಂಬುದು ನಮ್ಮ ಹಾರೈಕೆ.