ಮಾತಿನಿಂದ ಭಯ ಇಳಿಯಿತು, ನಿದ್ದೆ ಪೂರ್ತಿ ಮರಳಲಿಲ್ಲ

ಅತ್ಯಾಚಾರಕ್ಕೆ ಒಳಗಾದ 171 ಮಹಿಳೆಯರನ್ನು ಒಳಗೊಂಡ ಅಧ್ಯಯನವೊಂದನ್ನು ಅಮೆರಿಕದ ಮನೋವಿಜ್ಞಾನಿ ಪೆಟ್ರೀಷಿಯಾ ರೆಸಿಕ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಅಲ್ಲಿ ಹೋಲಿಸಿದ್ದು ಎರಡು ಬಗೆಯ ಮಾತಿನ ಚಿಕಿತ್ಸೆಗಳನ್ನು. ‘ತಪ್ಪು ನನ್ನದೇ’ ಎಂದು ಮನಸ್ಸಿನಲ್ಲಿ ಬೇರುಬಿಟ್ಟ ನಂಬಿಕೆಯನ್ನು ಬರೆದು, ಪ್ರಶ್ನಿಸಿ, ಅದರಿಂದ ಬಿಡಿಸಿಕೊಳ್ಳುವುದು ಒಂದು. ನಡೆದದ್ದನ್ನು ಕಣ್ಮುಚ್ಚಿ, ಈಗಲೇ ನಡೆಯುತ್ತಿದೆಯೆಂಬಂತೆ ಮತ್ತೆ ಮತ್ತೆ ಹೇಳುವುದು ಇನ್ನೊಂದು. ಎರಡೂ ಫಲ ಕೊಟ್ಟವು. ಚಿಕಿತ್ಸೆ ಪೂರೈಸಿದ ಬಹುಪಾಲು ಮಹಿಳೆಯರಲ್ಲಿ ಆಘಾತದ ಕಾಯಿಲೆಯ ಲಕ್ಷಣಗಳು ಇಳಿದವು.

ಇವೇ ಚಿಕಿತ್ಸೆಗಳನ್ನು ಪಡೆದ ಅತ್ಯಾಚಾರ ಸಂತ್ರಸ್ತೆಯರ ನಿದ್ದೆ ಮತ್ತು ಮೈನೋವುಗಳನ್ನು ಟಾರಾ ಗಾಲೋವ್ಸ್ಕಿ ತಂಡ 2009ರಲ್ಲಿ ಪ್ರತ್ಯೇಕವಾಗಿ ಪರಿಶೀಲಿಸಿತು. ದೇಹದ ದೂರುಗಳು ಕಡಿಮೆಯಾಗಿದ್ದವು, ಮನಸ್ಸು ಬಿಚ್ಚಿದ್ದರ ಫಲ ಮೈಗೂ ದಕ್ಕಿತ್ತು. ನಿದ್ದೆಯೂ ಸುಧಾರಿಸಿತ್ತು, ಆದರೆ ಚೆನ್ನಾಗಿ ನಿದ್ರಿಸುವವರ ಮಟ್ಟಕ್ಕೆ ಏರಿರಲಿಲ್ಲ.

ಯಾಕೆ ಹೀಗೆ? ಅಪಾಯ ಕಂಡ ದೇಹ ರಾತ್ರಿಯಿಡೀ ಕಾವಲು ನಿಲ್ಲುತ್ತದೆ. ಎಚ್ಚರ ಹೆಚ್ಚಿಸುವ ನಾರ್‌ಅಡ್ರಿನಲಿನ್ ಕನಸಿನ ನಿದ್ದೆಯ ಹೊತ್ತಿಗೆ ತೀರಾ ತಗ್ಗಬೇಕು. ಆಘಾತ ಉಂಡವರಲ್ಲಿ ಅದು ತಗ್ಗದೇ ಉಳಿಯುವುದೇ ನಡುರಾತ್ರಿ ಬೆಚ್ಚಿ ಏಳಲು ಒಂದು ಕಾರಣವೆಂದು ತಜ್ಞರು ಭಾವಿಸುತ್ತಾರೆ. ಇದರ ಮೇಲೆ ವರ್ಷಗಟ್ಟಲೆ ಬೆಳೆದ ಅಭ್ಯಾಸಗಳಿವೆ: ದೀಪ ಆರಿಸದಿರುವುದು, ಕನಸಿಗೆ ಹೆದರಿ ಮಲಗುವುದನ್ನೇ ಮುಂದೂಡುವುದು, ಬಾಗಿಲ ಚಿಲಕವನ್ನು ಮತ್ತೆ ಮತ್ತೆ ನೋಡುವುದು. ಕೊನೆಗೆ ಹಾಸಿಗೆ ಕಂಡರೇ ಎಚ್ಚರವಾಗುತ್ತದೆ. ಭಯದ ಮೂಲ ಕರಗಿದರೂ ಈ ಅಭ್ಯಾಸ ತಾನಾಗಿ ಹೋಗುವುದಿಲ್ಲ.

ಚಿಕಿತ್ಸೆಯ ಮೊದಲ ವಾರಗಳಲ್ಲಿ ಕೆಲವರಿಗೆ ಕೆಟ್ಟ ಕನಸುಗಳು ಹೆಚ್ಚುವುದೂ ಉಂಟು. ಆಗಲೇ ಮನೆಯವರು ‘ಹಳೇ ಗಾಯ ಯಾಕೆ ಕೆದಕೋದು, ಬಿಟ್ಟುಬಿಡು’ ಎನ್ನುತ್ತಾರೆ. ಕನಸುಗಳು ಹೀಗೆ ಹೆಚ್ಚಬಹುದೆಂದು ಮೊದಲೇ ತಿಳಿಸದಿರುವುದು ದೊಡ್ಡ ಅನ್ಯಾಯ ಎಂದು ನನಗನ್ನಿಸುತ್ತದೆ. ತಿಳಿಸದಿದ್ದರೆ, ‘ತಪ್ಪು ನನ್ನದೇ’ ಎಂಬ ಭಾವದಿಂದ ಕಷ್ಟಪಟ್ಟು ಹೊರಬರುತ್ತಿರುವವಳು ನಿದ್ದೆಗೆಟ್ಟದ್ದಕ್ಕೂ ತನ್ನನ್ನೇ ದೂರಿಕೊಳ್ಳುತ್ತಾಳೆ.

ನಿದ್ದೆಗೆ ಬೇರೆಯದೇ ಚಿಕಿತ್ಸೆ ಇದೆ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಬರುವುದು, ದಿನವೂ ಒಂದೇ ಹೊತ್ತಿಗೆ ಏಳುವುದು ಅದರ ತಿರುಳು. ಕನಸಿಗೂ ದಾರಿಯಿದೆ. ಬ್ಯಾರಿ ಕ್ರಾಕೋವ್ ತಂಡ 2001ರಲ್ಲಿ ವರದಿ ಮಾಡಿದ ವಿಧಾನದಲ್ಲಿ, ಮರುಕಳಿಸುವ ಕನಸನ್ನು ಹಗಲಿನಲ್ಲಿ ತನಗೆ ಬೇಕಾದಂತೆ ಬದಲಿಸಿ, ಹೊಸ ಕನಸನ್ನು ಮನಸ್ಸಿನಲ್ಲೇ ದಿನವೂ ಅಭ್ಯಾಸ ಮಾಡಬೇಕು. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಹಿಳೆಯರಲ್ಲಿ ಇದರಿಂದ ದುಃಸ್ವಪ್ನಗಳು ತಗ್ಗಿ, ನಿದ್ದೆ ಸುಧಾರಿಸಿತು.

ನಮ್ಮಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಾತಾಡುವಾಗ ನಿದ್ದೆಯ ವಿಷಯವನ್ನೂ ತಪ್ಪದೇ ಹೇಳಿ.