ಮೂಲಪಠ್ಯದ ಪ್ರಶ್ನೆ: ರಚನೋತ್ತರ ಅನುವಾದ ಸಿದ್ಧಾಂತ ಮತ್ತು ಕನ್ನಡದ ಎರಡು ನಿದರ್ಶನಗಳು

ಮೂಲಕೃತಿಯಲ್ಲಿ ಸ್ಥಿರವಾದ ಅರ್ಥವೊಂದಿದೆ, ಅನುವಾದಕನು ಅದನ್ನು ಇನ್ನೊಂದು ಭಾಷೆಗೆ ಸಾಗಿಸುತ್ತಾನೆ ಎಂಬ ನಂಬಿಕೆಯನ್ನು ರಚನೋತ್ತರ ಚಿಂತನೆ ಪ್ರಶ್ನಿಸಿತು. ಅರ್ಥವು ಪದಗಳ ನಡುವಣ ಭಿನ್ನತೆಯಿಂದ ಹುಟ್ಟುತ್ತದೆ, ಅದು ಎಲ್ಲಿಯೂ ಪೂರ್ಣಗೊಳ್ಳುವುದಿಲ್ಲವೆಂಬುದು ದೆರಿದಾನ ವಾದ. ವಾಲ್ಟರ್ ಬೆಂಜಮಿನ್‌ನ 1923ರ ಪ್ರಬಂಧವನ್ನು ಮರಳಿ ಓದಿದ ಆತನು, ಮೂಲವೇ ತನ್ನ ಉಳಿವಿಗಾಗಿ ಅನುವಾದವನ್ನು ಬೇಡುತ್ತದೆಂದು ತೋರಿಸಿದನು.

ಈ ವಿಚಾರಗಳನ್ನು ವಸಾಹತು ಚರಿತ್ರೆಯೊಂದಿಗೆ ಜೋಡಿಸಿದವರಲ್ಲಿ ತೇಜಸ್ವಿನಿ ನಿರಂಜನ ಪ್ರಮುಖರು. ‘ಸೈಟಿಂಗ್ ಟ್ರಾನ್ಸ್‌ಲೇಷನ್’ (1992) ಕೃತಿಯಲ್ಲಿ ಅವರು ಅಲ್ಲಮನ ವಚನವೊಂದಕ್ಕೆ ಎ.ಕೆ. ರಾಮಾನುಜನ್ ‘ಸ್ಪೀಕಿಂಗ್ ಆಫ್ ಶಿವ’ (1973)ದಲ್ಲಿ ಮಾಡಿದ ಅನುವಾದವನ್ನು ಪರಿಶೀಲಿಸಿದ್ದಾರೆ. ಅಲ್ಲಿ ‘ಗುಹೇಶ್ವರ’ ಎಂಬ ಅಂಕಿತವು ‘ಗವಿಗಳ ಒಡೆಯ’ ಎಂಬರ್ಥದ ಇಂಗ್ಲಿಷ್ ಮಾತಾಗಿದೆ. ‘ಜ್ಯೋತಿರ್ಲಿಂಗ’ದಲ್ಲಿ ಜ್ಯೋತಿ ಉಳಿದು ಲಿಂಗ ಮರೆಯಾಗಿದೆ. ಹೀಗೆ ವಚನವು ಪಾಶ್ಚಾತ್ಯ ಓದುಗನಿಗೆ ಪರಿಚಿತವಾದ ಭಾವಗೀತೆಯಾಗಿಬಿಟ್ಟಿತೆಂಬುದು ಅವರ ಆಕ್ಷೇಪದ ತಿರುಳು. 1999ರಲ್ಲಿ ವಿನಯ್ ಧಾರವಾಡ್ಕರ್ ಇದಕ್ಕೆ ಉತ್ತರಿಸುತ್ತ, ರಾಮಾನುಜನ್ ಅವರ ಅನುವಾದ ಚಿಂತನೆ ಹಾಗೂ ಪ್ರಯೋಗಗಳ ಒಟ್ಟು ವ್ಯಾಪ್ತಿಯನ್ನು ಮುಂದಿಟ್ಟು ಅವರನ್ನು ಸಮರ್ಥಿಸಿದರು.

ಇಲ್ಲಿ ತಾತ್ವಿಕ ತೊಡಕೊಂದಿದೆ. ಮೂಲಕ್ಕೆ ಸ್ಥಿರ ಅರ್ಥವಿಲ್ಲವೆಂದಾದರೆ, ಅನುವಾದವು ಅದನ್ನು ವಿರೂಪಗೊಳಿಸಿತೆಂದು ಹೇಳುವುದು ಯಾವ ಆಧಾರದಿಂದ?

ಇದಕ್ಕೆ ಹಳೇಬೀಡಿನಿಂದಲೇ ಒಂದು ನಿದರ್ಶನ ದೊರೆಯುತ್ತದೆ. ದೋರಸಮುದ್ರದಿಂದ ಆಳಿದ ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ರಚಿಸಿದನು. ಅದಕ್ಕೆ ಆಕರ ವಾದಿರಾಜನ ಸಂಸ್ಕೃತ ಕಾವ್ಯ. ಆದರೆ ಅದಕ್ಕೂ ಮೊದಲೇ ಸೋಮದೇವನ ‘ಯಶಸ್ತಿಲಕ’ (959), ಪುಷ್ಪದಂತನ ಅಪಭ್ರಂಶ ಕಾವ್ಯಗಳಿದ್ದವು. ಆದಿಮೂಲವನ್ನು ಹುಡುಕಹೊರಟವರಿಗೆ ಸಿಗುವುದು ಪಠ್ಯಗಳ ಪರಂಪರೆಯೇ. ಇಷ್ಟರಮಟ್ಟಿಗೆ ರಚನೋತ್ತರವಾದ ಸರಿ.

ಆದರೂ ಈ ಕಾವ್ಯಗಳಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿಯೇ. ಅದನ್ನು ಜೀವಂತ ಕೋಳಿಯಾಗಿಸಿದರೆ ಸಂಕಲ್ಪಹಿಂಸೆಯೂ ಹಿಂಸೆಯೇ ಎಂಬ ಜೈನ ವಿಚಾರವೇ ಕುಸಿಯುತ್ತದೆ. ಭಾಷೆ, ಛಂದಸ್ಸು, ಪಾತ್ರಗಳ ಒತ್ತು ಬದಲಾಗಬಹುದು. ಕೃತಿಯ ವಿಚಾರ ನಿಂತಿರುವ ಸಂಬಂಧವನ್ನು ಬಿಡಲಾಗದು. ಅರ್ಥ ಮುಗಿಯದಿದ್ದರೂ ಮಿತಿ ಇದ್ದೇ ಇದೆ.

ಈ ದೃಷ್ಟಿಯಿಂದ ನಿರಂಜನ ಅವರ ಆಕ್ಷೇಪಕ್ಕೆ ಸ್ಥಿರ ಮೂಲದ ಆಸರೆ ಬೇಕಿಲ್ಲ. ಲಿಂಗವನ್ನು ಬಿಟ್ಟರೂ ಅಲ್ಲಮನ ವಚನದ ವಿಚಾರ ನಿಲ್ಲುವುದೇ ಎಂದು ಕೇಳಿದರೆ ಸಾಕು. ತರಗತಿಯಲ್ಲಿಯೂ ‘ಅನುವಾದವು ಮೂಲನಿಷ್ಠವೇ?’ ಎಂಬುದಕ್ಕಿಂತ ಈ ಬಗೆಯ ಪ್ರಶ್ನೆಯೇ ಹೆಚ್ಚು ಉಪಯುಕ್ತವೆನಿಸುತ್ತದೆ.